ಭಾವ ಹುಡುಕಿದ ಪುಸ್ತಕ

ನಮ್ಮ ಭಾವನ ಲೆಕ್ಕದಲ್ಲಿ ಈ ಭೂಮಿಯ ಮೇಲೆ ಮನುಷ್ಯನೆಂಬ ಪ್ರಾಣಿ ಇದುವರೆಗೆ ಒಂದು ತಪ್ಪನ್ನೂ ಮಾಡಿಲ್ಲ! ಮಾಡಿದ್ದೆಲ್ಲ ಸಾಮಾನುಗಳು. ನೀವು ಹೊಸ್ತಿಲು ಎಡವಿ ಬಿದ್ದಿರೋ, ತಪ್ಪು ಹೊಸ್ತಿಲಿನದು. ಕಾಫಿಗೆ ಸಕ್ಕರೆಯ ಬದಲು ಉಪ್ಪು ಹಾಕಿದಿರೋ, ತಪ್ಪು ಡಬ್ಬಿಯದು. ಒಮ್ಮೆ ನಮ್ಮ ಕಡೆಯವರೊಬ್ಬರು ಯಾರದೋ ಮದುವೆಯ ಪಂಕ್ತಿಯಲ್ಲಿ ಕೂತು ಒಬ್ಬಟ್ಟಿನ ತನಕ ಉಂಡರು. ತಾವು ಬಂದ ಮದುವೆ ಪಕ್ಕದ ಛತ್ರದ್ದು ಎಂದು ಆಮೇಲೆ ಗೊತ್ತಾಗಿ, ನಾಚಿಕೆಯಿಂದ ಮುಖಕ್ಕೆ ಶಲ್ಯ ಹಿಡಿದುಕೊಂಡರು. ಆಗ ಭಾವ ಅವರ ಬೆನ್ನು ತಟ್ಟಿ ಏನು ಹೇಳಿದರು ಗೊತ್ತೆ?

"ನಿಮ್ದೇನ್ ತಪ್ಪು ಬುಡಿ. ಎರಡು ಛತ್ರಕ್ಕೂ ಒಂದೇ ತರ ಚಪ್ಪರ ಹಾಕ್ದೋರಿಗೆ ಬುದ್ಧಿ ಬ್ಯಾಡ್ವಾ? ಓಗಿ, ಅಲ್ಲೂ ಉಣ್ಣಿ."

ಅವರು ಹೋಗಿ ಅಲ್ಲೂ ಉಂಡರು.

ನಾನು ಈ ಮಹಾನುಭಾವರ ನಾದಿನಿ. ನಮ್ಮ ತವರು ಯಳಂದೂರು. ಅಕ್ಕನನ್ನು ಕೊಳ್ಳೇಗಾಲಕ್ಕೆ ಕೊಟ್ಟಾಗ ನಮ್ಮಜ್ಜಿ ಪರದೇಶಕ್ಕೆ ಕಳಿಸಿದ ಹಾಗೆ ಅತ್ತಿದ್ದರು. ಜಟಕಾದಲ್ಲಿ ಹೊರಟರೆ ಬಿಸಿಲು ಏರುವುದರೊಳಗೆ ಮುಟ್ಟುವ ಊರು! ಆದರೆ ಅಜ್ಜಿಯ ಅಳುವಿಗೂ ಕಾರಣವಿತ್ತು. ನಮ್ಮ ಯಳಂದೂರು ಮೈಸೂರಿಗೆ ಸೇರಿದ್ದು, ಕೊಳ್ಳೇಗಾಲ ಆಗಿನ್ನೂ ಮದರಾಸಿನದು. ಐವತ್ತಾರರಲ್ಲಿ ಗಡಿ ಆಚೀಚೆಯಾಗಿ ಕೊಳ್ಳೇಗಾಲವೂ ಮೈಸೂರು ರಾಜ್ಯಕ್ಕೆ ಬಂತು. ಅಜ್ಜಿ ಅಂದು ಪಾಯಸ ಮಾಡಿಸಿದರು. "ಅಂತೂ ಮೊಮ್ಮಗಳ್ನ ವಾಪಸ್ ಕೊಟ್ರಲ್ಲ, ಸದ್ಯ" ಎಂದರು. ಅಕ್ಕ ಮಾತ್ರ ಇದ್ದಲ್ಲೇ ಇದ್ದಳು, ಕೊಳ್ಳೇಗಾಲದ ಮಗ್ಗದ ಬೀದಿಯಲ್ಲಿ, ಅತ್ತೆಯ ಮನೆಯಲ್ಲಿ.

ಭಾವನ ಮನೆಯವರು ರೇಷ್ಮೆ ನೇಯುವವರು. ಆದರೆ ಭಾವನಿಗೆ ಮಗ್ಗಕ್ಕಿಂತ ಮಗ್ಗದ ಮೊಳೆಗಳಲ್ಲಿ ಆಸಕ್ತಿ. ಮನೆಯವರು ಬೇಸತ್ತು, ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿ ಹಾಕಿಕೊಟ್ಟರು. ಸೀಮೆಎಣ್ಣೆ ಸ್ಟೌವು, ಪಂಪ್‌ಸೆಟ್ಟಿನ ಬಿಡಿಭಾಗ, ಟಾರ್ಚು ಇಂಥವೆಲ್ಲ ಕೊಯಮತ್ತೂರಿನಿಂದ ಬರುತ್ತಿದ್ದವು. ಪ್ರತಿ ಪೆಟ್ಟಿಗೆಯೊಳಗೂ ಮಡಿಸಿದ ಒಂದು ಕಾಗದ, ಇದನ್ನು ಹೀಗೆ ಬಳಸಿ ಎಂದು. ಒಂದು ಕಡೆ ಇಂಗ್ಲಿಷು, ಇನ್ನೊಂದು ಕಡೆ ತಮಿಳು. ಕೊಳ್ಳುವವರು ಕಾಗದ ಬಿಸಾಕಿ ಸಾಮಾನು ಒಯ್ಯುತ್ತಿದ್ದರು. ಭಾವ ಸಾಮಾನು ಬಿಟ್ಟು ಕಾಗದ ಓದುತ್ತಿದ್ದರು!

ಬಸ್ಸಿನ ಬೋರ್ಡುಗಳೆಲ್ಲ ಹೊಸದಾಗಿ ಕನ್ನಡವಾಗುತ್ತಿದ್ದ ಕಾಲ ಅದು. ಭಾವನ ಸೋದರಮಾವ ಸತ್ತೇಗಾಲಕ್ಕೆ ಹೋಗಬೇಕಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಒಂದು ಬಸ್ಸು. ಬೋರ್ಡು ಬರೆದ ಪುಣ್ಯಾತ್ಮ 'ಸತ್ಯ' ಎಂದು ಗಜಗಾತ್ರದಲ್ಲಿ ಬರೆದು, ಜಾಗ ಸಾಲದೆ 'ಮಂಗಲ'ವನ್ನು ಇರುವೆ ಸಾಲಿನ ಹಾಗೆ ಮೂಲೆಗೆ ಒತ್ತಿದ್ದ. ಮಾವ ಮೊದಲ ಅಕ್ಷರ ಕಂಡವರೇ ಹತ್ತಿ, ಕೂತು, ಗೊರಕೆ ಹೊಡೆದರು. ಎಚ್ಚರವಾದದ್ದು ಘಟ್ಟದ ಚಳಿಗೆ. ಸತ್ತೇಗಾಲದಲ್ಲಿ ಘಟ್ಟ ಎಲ್ಲಿಂದ ಬರಬೇಕು? ಬಸ್ಸು ಹೊರಟಿದ್ದು ಘಟ್ಟದಾಚೆಯ ಸತ್ಯಮಂಗಲಕ್ಕೆ! ಮಾರನೆಯ ದಿನ ಅವರು ಕಂಬಳಿ ಹೊದ್ದು ವಾಪಸು ಬಂದಾಗ ಬೀದಿಗೆ ಬೀದಿಯೇ ನಕ್ಕಿತು. ಭಾವ ನಗಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ಹೋಗಿ, ಆ ಬಸ್ಸಿನ ಮೂತಿಯ ಮೇಲೆ ಸರಿಯಾಗಿ ಬರೆಯತೊಡಗಿದರು. ಕಂಡಕ್ಟರು ಓಡಿ ಬಂದ.

"ಯೋ, ಯಾರ್ ಸಾ ನೀವು?"

"ಇದನ್ನ ಓದೋನು ಕಣಯ್ಯ."

"ಓದೋರು ಒಳೀಕ್ ಅತ್ತಿ. ಬರಿಯೋರು ಕೆಳೀಕ್ ಇಳೀರಿ!"

ಈ ಮಾತನ್ನು ಭಾವ ಮನೆಗೆ ಬಂದು ತಾವೇ ಹೇಳಿ, ತಾವೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಗೆಲ್ಲ ಅವರಿಗೆ ನಗು ಬಹಳ. ಅಕ್ಕನಿಗೂ.

ಆಮೇಲೆ ಅವರು ಕೊಯಮತ್ತೂರಿನ ಕಾಗದಗಳನ್ನು ಕನ್ನಡಕ್ಕೆ ತರಲು ಹೊರಟರು. ಬರೆದರೆ ಸಾಕೆ? ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಬೇಡವೆ? ಅದಕ್ಕೆ ಸಿಕ್ಕಿದವರು ಎದುರುಮನೆಯ ಪುಟ್ಟಮ್ಮಜ್ಜಿ. ಅವರಿಗೆ ಓದು ಬಾರದು. ಸ್ಟೌವನ್ನು ಕಣ್ಣಲ್ಲಿ ಕಂಡವರೂ ಅಲ್ಲ. ಭಾವ ಓದಿ ಹೇಳುವುದು, ಅಜ್ಜಿ ಕೇಳಿದ್ದಷ್ಟನ್ನೇ ಮಾಡುವುದು ಎಂದು ಒಪ್ಪಂದವಾಯಿತು. ನಡುಮನೆಯಲ್ಲಿ ಸ್ಟೌವು ಇಟ್ಟು ನಾವೆಲ್ಲ ಸುತ್ತ ಕೂತೆವು.

"ಮೊದಲು ಸ್ಟೌವಿಗೆ ಚೆನ್ನಾಗಿ ಗಾಳಿ ಹಾಕಿ" ಎಂದು ಭಾವ ಗಂಭೀರವಾಗಿ ಓದಿದರು.

ಅಜ್ಜಿ ಎದ್ದರು. ಗೂಟದಲ್ಲಿದ್ದ ಬೀಸಣಿಗೆ ತಂದರು. ಸ್ಟೌವಿನ ಮುಂದೆ ಕೂತು, ಬೀಗರಿಗೆ ಬೀಸುವ ಹಾಗೆ ಬೀಸತೊಡಗಿದರು!

ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸ್ವಲ್ಪ ಹೊತ್ತು ಬೀಸಿ ಅಜ್ಜಿ ಕೇಳಿದರು, "ಸಾಕ್ಲಾ? ಇನ್ನೊಸಿ ಹಾಕ್ಲಾ?"

ಬೇರೆ ಯಾರಾದರೂ ಆಗಿದ್ದರೆ ಅಜ್ಜಿಯ ದಡ್ಡತನಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಭಾವನ ಮುಖ ಅರಳಿತು. "ಅಜ್ಜೀ, ನೀನು ಮಾಡಿದ್ದೇ ಸರಿ. ನಾನು ಬರ್ದಿದ್ದೇ ತಪ್ಪು. ನಿನ್ನಂಥೋಳು ಒಬ್ಳು ಕೊಯಮತ್ತೂರಲ್ಲಿ ಇದ್ದಿದ್ರೆ ಎಷ್ಟ್ ಚೆಂದಾಗಿರದು!" ಎಂದು ಅಲ್ಲೇ ಕೂತು ತಿದ್ದಿದರು. 'ಹಿತ್ತಾಳೆಯ ಕಡ್ಡಿಯನ್ನು ಹಿಂದಕ್ಕೆ ಎಳೆದು ಮುಂದಕ್ಕೆ ಒತ್ತಿ' ಎಂದಾಯಿತು. ಅಜ್ಜಿ ಕಡ್ಡಿ ಒತ್ತುತ್ತ, "ಅಂಗಂತ ಮೊದ್ಲೇ ಯೋಳಕ್ಕೇನಾಗಿತ್ತು ನಿಂಗೆ?" ಎಂದು ಗದರಿದರು.

ಇನ್ನೊಂದು ಸಲ ಕೌದಳ್ಳಿಯಿಂದ ಒಬ್ಬ ರೈತ ಪಂಪಿನ ಸ್ಟಾರ್ಟರು ಹೊತ್ತುಕೊಂಡು ಬಂದ. ಅದಕ್ಕೆ ಎರಡು ಗುಂಡಿ, ಹಸಿರು ಒತ್ತಿದರೆ ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಈತ ತಿರುಗಾಮುರುಗಾ ಒತ್ತಿ ಬೇಸತ್ತಿದ್ದ. ಭಾವ ವಿವರಿಸಿದರು, "ಹಸಿರು ಅಂದ್ರೆ ಓಡು, ಕೆಂಪು ಅಂದ್ರೆ ನಿಲ್ಲು."

ಆತ ತಲೆ ಕೆರೆದುಕೊಂಡು ಹೇಳಿದ, "ನಮ್ ಎತ್ಗಳು ಹಸುರ್ ಕಂಡ್ರೆ ನಿಂತ್ಕತವಲ್ಲಾ ಸಾ, ಮೇಯಾಕೆ?"

ಭಾವ ಆ ಎರಡು ಗುಂಡಿಗಳನ್ನೇ ನೋಡುತ್ತ ಕೂತರು. ಆ ದಿನ ಊಟ ಮಾಡುವಾಗಲೂ "ಅಂವ ಯೋಳದ್ರಲ್ಲಿ ನ್ಯಾಯ ಐತೆ ಕಣಮ್ಮಿ" ಎಂದು ನನ್ನ ಹತ್ತಿರ ಗೊಣಗುತ್ತಿದ್ದರು. ಎತ್ತಿನ ಪರವಾಗಿ ಇಷ್ಟು ಚಿಂತೆ ಮಾಡಿದ ಇನ್ನೊಬ್ಬ ಅಂಗಡಿಯವರನ್ನು ನಾನು ಕಂಡಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನೀವು ನಕ್ಕು ಪುಟ ಮಗುಚುತ್ತೀರಿ. ನನಗೂ ಅದೇ ಇಷ್ಟ. ಆದರೆ ಮಾದುವಿನ ಸಂಗತಿ ಹೇಳದೆ ಭಾವನ ಸಂಗತಿ ಹೇಳುವುದು ಹೇಗೆ?

ಮಾದು ಅಕ್ಕನ ಮೊದಲ ಮಗ. ಮಲೆಯ ಮಾದಪ್ಪನಿಗೆ ಹರಸಿಕೊಂಡು ಹುಟ್ಟಿದವನು, ಅದಕ್ಕೆ ಆ ಹೆಸರು. ನಾನು ಆಗ ತಾನೆ ಕಾಮಗೆರೆಯ ಶಾಲೆಯಲ್ಲಿ ಟೀಚರಾಗಿ ಸೇರಿ, ಅಕ್ಕನ ಮನೆಯಲ್ಲೇ ಇದ್ದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಸಂಜೆ ನಾನು ಬಂದರೆ ಅವನು ನನ್ನ ಚೀಲಕ್ಕೆ ಕೈ ಹಾಕದೆ ಬಿಡುತ್ತಿರಲಿಲ್ಲ. ಇನ್ನೂ ಮಾತು ಸರಿಯಾಗಿ ಕೂಡಿ ಬರದ ವಯಸ್ಸು.

ಅವನಿಗೆ ಕೆಮ್ಮು ಬಂತು. ಪೇಟೆಯ ಡಾಕ್ಟರು ಮಿಕ್ಸ್‌ಚರು ಕೊಟ್ಟರು. ಆಗೆಲ್ಲ ಬಾಟಲಿ ನಾವೇ ಒಯ್ಯಬೇಕು, ಕಾಂಪೌಂಡರು ತುಂಬಿ ಕೊಡುತ್ತಿದ್ದ. ಅದೇ ವಾರ ಅಕ್ಕನ ಅತ್ತೆಯ ಮಂಡಿನೋವಿಗೆ ತಿಕ್ಕುವ ಎಣ್ಣೆಯನ್ನೂ ಅಲ್ಲಿಂದಲೇ ತಂದಿದ್ದರು. ಎರಡೂ ಬಾಟಲಿ ಒಂದೇ ಗಾತ್ರ, ಒಂದೇ ಬಣ್ಣ, ಒಂದೇ ಬಿರಡೆ. ಎರಡರ ಮೇಲೂ ಇಂಗ್ಲಿಷಿನ ಚೀಟಿ. ಎರಡೂ ಒಂದೇ ಕಿಟಕಿಯ ದಂಡೆಯ ಮೇಲೆ ಇದ್ದವು. ಅಕ್ಕನಿಗೆ ಕನ್ನಡ ಓದಲು ಬರುತ್ತಿತ್ತು. ಇಂಗ್ಲಿಷು ಬರುತ್ತಿರಲಿಲ್ಲ.

ಮಧ್ಯಾಹ್ನ ಮಗು ಕೆಮ್ಮಿ ಕೆಮ್ಮಿ ಸುಸ್ತಾಗಿತ್ತು. ಅಕ್ಕ ಚಮಚೆಗೆ ಬಗ್ಗಿಸಿ ಕುಡಿಸಿದಳು. ಮಗು ಮುಖ ಹಿಂಡಿ ಉಗಿಯಿತು. ಔಷಧಿ ಎಂದರೆ ಮಕ್ಕಳು ಉಗಿಯುವುದೇ ಅಲ್ಲವೆ? ಇನ್ನೊಂದು ಚಮಚೆ ಕುಡಿಸಿದಳು. ಅದು ಮಂಡಿಗೆ ತಿಕ್ಕುವ ಎಣ್ಣೆ.

ನಾನು ಶಾಲೆಯಿಂದ ಬರುವ ಹೊತ್ತಿಗೆ ಬಾಗಿಲಲ್ಲಿ ಜಟಕಾ ನಿಂತಿತ್ತು. ಭಾವ ಮಗುವನ್ನು ಎದೆಗೆ ಒತ್ತಿಕೊಂಡು ಹತ್ತುತ್ತಿದ್ದರು. ಅಕ್ಕ ಕಾಲಿಗೆ ಚಪ್ಪಲಿ ಇಲ್ಲದೆ ಹಿಂದೆ ಓಡಿ ಹತ್ತಿದಳು. ಆಸ್ಪತ್ರೆಯ ಗೇಟು ದಾಟುವ ಮೊದಲೇ ಮುಗಿದುಹೋಯಿತು.

ಮಾರನೆಯ ದಿನ ಮನೆ ತುಂಬ ಜನ. ಯಳಂದೂರಿನವರು, ಹನೂರಿನ ಬೀಗರು, ಮಗ್ಗದ ಬೀದಿಯವರು. ಯಾರೂ ಕೆಟ್ಟವರಲ್ಲ. ಆದರೆ ದುಃಖಕ್ಕೆ ಬಂದವರ ಬಾಯಿಗೆ ಒಂದು ಮಾತು ಬೇಕಾಗುತ್ತದೆ. "ಒಸಿ ನೋಡ್ಕಂಡ್ ಕುಡಿಸ್ಬಾರ್ದಾಗಿತ್ತಾ ತಾಯಿ" ಎಂದರು ಯಾರೋ. ಅಕ್ಕ ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಆ ಮಾತು ಅಲ್ಲಿಗೂ ಕೇಳಿಸಿತು.

ಭಾವ ಎದ್ದರು. ಒಳಗೆ ಹೋಗಿ ಎರಡೂ ಬಾಟಲಿ ತಂದು ಜಗಲಿಯ ಮೇಲೆ ಇಟ್ಟರು.

"ಯಾವ್ದು ಕುಡಿಯೋದು, ಯಾವ್ದು ತಿಕ್ಕೋದು? ಯೋಳಿ. ಒಬ್ರಾದ್ರೂ ಯೋಳಿ."

 ಭಾವ ಒಬ್ಬೊಬ್ಬರ ಕೈಗೂ ಬಾಟಲಿ ಕೊಟ್ಟರು. ಅವರು ತಿರುಗಿಸಿ ನೋಡಿ ಕೆಳಗಿಟ್ಟರು. ನನ್ನ ಕೈಗೂ ಬಂತು. ಇಂಗ್ಲಿಷು ಓದಬಲ್ಲವಳು ನಾನು. ಎಣ್ಣೆ ಹೀರಿ ಹೀರಿ ಎರಡು ಚೀಟಿಯ ಶಾಯಿಯೂ ಕದಡಿಹೋಗಿತ್ತು. ನನಗೂ ಓದಲು ಆಗಲಿಲ್ಲ.

"ತಪ್ಪು ನನ್ ಎಂಡ್ತಿದಲ್ಲ. ಬಾಟ್ಲಿದು" ಎಂದರು ಭಾವ. ಅವರ ಕಣ್ಣು ಒಣಗಿತ್ತು.

ಇಷ್ಟು ಕಾಲ ತಮಾಷೆಗೆ ಹೇಳುತ್ತಿದ್ದ ಮಾತು. ಅಂದಿನಿಂದ ಅವರ ನಗು ನಿಂತುಹೋಯಿತು.

ಅಕ್ಕ ಆಮೇಲೆ ಬಾಟಲಿ ಮುಟ್ಟುವುದನ್ನೇ ಬಿಟ್ಟಳು. ಔಷಧಿಯ ಬಾಟಲಿ ಮಾತ್ರವಲ್ಲ, ದೀಪದ ಎಣ್ಣೆಯ ಬಾಟಲಿಯನ್ನೂ. ಅಡುಗೆ ಮಾಡುವಳು, ಬಟ್ಟೆ ಒಗೆಯುವಳು, ಕೇಳಿದರೆ ಉತ್ತರ ಕೊಡುವಳು. ಮಾದುವಿನ ಹೆಸರು ಮಾತ್ರ ಅವಳ ಬಾಯಿಂದ ಹೊರಡಲಿಲ್ಲ. ಅವಳು ಎತ್ತಲಿಲ್ಲವೆಂದು ನಾವೂ ಎತ್ತಲಿಲ್ಲ. ಅವನ ತೊಟ್ಟಿಲನ್ನು ಅತ್ತೆ ಸದ್ದಿಲ್ಲದೆ ಅಟ್ಟಕ್ಕೆ ಹಾಕಿಸಿದರು.

ಭಾವನದು ಬೇರೆ ದಾರಿ. ಮನೆಯಲ್ಲಿ ರೇಷ್ಮೆಗೆ ಬರವೇ? ಕುಡಿಯುವ ಔಷಧಿಯ ಬಾಟಲಿಗಳ ಕುತ್ತಿಗೆಗೆಲ್ಲ ರೇಷ್ಮೆ ದಾರ ಸುತ್ತಿದರು. ಹಚ್ಚುವಂಥವಕ್ಕೆ ಒರಟು ತೆಂಗಿನ ನಾರು. ಕಣ್ಣು ಮುಚ್ಚಿ ಹಿಡಿದರೂ ಕೈಗೆ ತಿಳಿಯಬೇಕು ಎಂದು. ಬೀದಿಯ ಮನೆಮನೆಗೂ ಹೋಗಿ ಸುತ್ತಿ ಬಂದರು. ಪುಟ್ಟಮ್ಮಜ್ಜಿ ತಮ್ಮ ಉಪ್ಪಿನಕಾಯಿ ಜಾಡಿಯನ್ನು ಅಡ್ಡ ಹಿಡಿದು, "ಇದಕ್ ಯಾವ್ ದಾರಾನೂ ಬ್ಯಾಡ ಕಣಪ್ಪ, ಇದು ತಿನ್ನೋದು ಅಂತ ಊರ್ಗೇ ಗೊತ್ತು" ಎಂದು ಕಾಪಾಡಿಕೊಂಡರು.

ಡಾಕ್ಟರ ಹತ್ತಿರವೂ ಹೋದರು. ತಿಕ್ಕುವ ಎಣ್ಣೆಗೆ ಬೇರೆ ಆಕಾರದ ಬಾಟಲಿಯನ್ನೇ ಕೊಡಿ ಎಂದರು. ಡಾಕ್ಟರು ವಯಸ್ಸಾದವರು, ಈ ಸಾವಿನಿಂದ ಅವರೂ ಕುಗ್ಗಿದ್ದರು. "ನಲವತ್ತು ವರ್ಷದಿಂದ ಎಲ್ಲರೂ ಹೀಗೇ ಕೊಡ್ತಿರೋದು. ಹೀಗಲ್ಲ ಹಾಗೆ ಕೊಡಬೇಕು ಅಂತ ಯಾವ ಪುಸ್ತಕದಲ್ಲಿದೆ? ತಂದು ತೋರಿಸಿ, ನಾನು ಓದ್ತೀನಿ" ಎಂದರು. ಬೈದು ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು.

ಅಲ್ಲಿಂದ ಶುರುವಾಯಿತು ನೋಡಿ ಪುಸ್ತಕದ ಬೇಟೆ!

ಮೊದಲು ಕೊಳ್ಳೇಗಾಲದ ವಾಚನಾಲಯ. ಆಮೇಲೆ ಯಳಂದೂರಿನಲ್ಲಿ ನಮ್ಮಪ್ಪನ ಸ್ನೇಹಿತರಾದ ರಿಟೈರಾದ ಮೇಷ್ಟರ ಬೀರು. ಅಲ್ಲೂ ಇಲ್ಲವಾಗಿ ಮೈಸೂರು. ಒಂದು ಬೇಸಿಗೆ ರಜೆಯಲ್ಲಿ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿಯ ದೊಡ್ಡ ಲೈಬ್ರರಿಯಲ್ಲಿ ಒಬ್ಬರು ಸಣಕಲು ಮೈಯ ಯುವಕರು ಕೂತಿದ್ದರು. ಬಹಳ ವಿನಯ.

"ಯಾವ ಪುಸ್ತಕ ಬೇಕಾಗಿತ್ತು?"

"ಯೋಳೋದು ಎಂಗೆ ಅಂತ ಯೋಳೋ ಪುಸ್ತಕ ಸಾ."

"ಭಾಷಣ ಕಲೆಯೆ?"

"ಭಾಷಣ ಅಲ್ಲ. ಒಂದ್ ಸಾಮಾನು ಐತೆ ಅನ್ಕಳಿ. ಅದನ್ನ ಯಾವತ್ತೂ ಕಾಣ್ದೋರ ಕೈಗ್ ಕೊಡ್ತೀವಿ. ಅವರು ತಪ್ಪು ಮಾಡ್ದಂಗೆ ಆ ಸಾಮಾನು ಎಂಗಿರ್ಬೇಕು, ಅದರ ಮ್ಯಾಲೆ ಏನ್ ಬರೀಬೇಕು, ಅದು."

ಅವರು ಯೋಚಿಸಿದರು. "ಹಾಗಾದರೆ ವ್ಯಾಕರಣ ನೋಡಬಹುದು."

"ವ್ಯಾಕರಣ ಬಲ್ಲೋರೂ ತಪ್ಪು ಮಾಡ್ತಾರೆ ಸಾ."

"ಯಂತ್ರಶಾಸ್ತ್ರ?"

"ಅದು ಯಂತ್ರ ಮಾಡೋರಿಗೆ. ನಂಗೆ ಬೇಕಾಗಿರೋದು ಯಂತ್ರ ಕಂಡ್ರೆ ಎದ್ರಿಕೊಳ್ಳೋರ ಪುಸ್ತಕ."

ಆ ಯುವಕರು ಹಿಂದೆ ಸಾಲಾಗಿ ನಿಂತಿದ್ದ ಕ್ಯಾಟಲಾಗಿನ ಪೆಟ್ಟಿಗೆಗಳನ್ನು ನೋಡಿ ನಿಟ್ಟುಸಿರು ಬಿಟ್ಟರು. "ಅಂಥದ್ದು ಸಿಕ್ಕರೆ ಮೊದಲು ನನಗೆ ಕೊಡಿ. ಈ ಪೆಟ್ಟಿಗೆಗಳನ್ನು ಕಂಡರೆ ನನಗೇ ಹೆದರಿಕೆ!"

ಆದರೂ ಭಾವ ಬರಿಗೈಯಲ್ಲಿ ಬರುವವರಲ್ಲ. ಹಳೆಯ ಪುಸ್ತಕದ ಅಂಗಡಿಗಳಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡರು. ಮನೆಯಲ್ಲಿ ಎರಡು ಹಲಗೆ ಹೊಡೆಸಿದರು. ಮೇಲಿನದು ಓದಲೇಬೇಕಾದವಕ್ಕೆ, ಕೆಳಗಿನದು ಓದಿ ಬೈಯಬೇಕಾದವಕ್ಕೆ. ಕೆಳಗಿನದು ಬೇಗ ತುಂಬಿತು. ಅಡುಗೆಯ ಪುಸ್ತಕವೊಂದು 'ಸಾಕಷ್ಟು ಉಪ್ಪು ಹಾಕಿ' ಎಂದಿದ್ದಕ್ಕೆ ಕೆಳಗೆ ಹೋಯಿತು. "ಸಾಕಷ್ಟು ಅಂತ ಗೊತ್ತಿದ್ದೋಳು ಪುಸ್ತಕ ಯಾಕ್ ಓದ್ತಾಳೆ?" ರೈಲ್ವೆ ಟೈಂಟೇಬಲ್ಲು, ಓದುತ್ತಿರುವಾಗಲೇ ರೈಲು ಹೊರಟುಹೋಗುತ್ತದೆ ಎಂಬ ಕಾರಣಕ್ಕೆ ಕೆಳಗೆ. ಮೇಲಿನ ಹಲಗೆಯಲ್ಲಿ ಬಹಳ ಕಾಲ ಇದ್ದದ್ದು ಸೈನಿಕರು ಡೇರೆ ಹಾಕುವುದನ್ನು ಚಿತ್ರ ಸಮೇತ ತೋರಿಸುವ ಒಂದು ತೆಳು ಪುಸ್ತಕ. ಅದನ್ನು ನೋಡಿಕೊಂಡು ಹಿತ್ತಿಲಲ್ಲಿ ಅತ್ತೆಯ ಹಳೆಯ ಸೀರೆಯಿಂದ ಡೇರೆ ಹಾಕಿಯೂ ಬಿಟ್ಟರು. ಒಂದು ಗೂಟವೂ ತಪ್ಪಲಿಲ್ಲ. ಸೀರೆ ಕಳೆದುಕೊಂಡ ಅತ್ತೆ ಮಾತ್ರ ಆ ಪುಸ್ತಕವನ್ನು ಕ್ಷಮಿಸಲಿಲ್ಲ.

ಆ ಸಲ ಮೈಸೂರಿನಿಂದ ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ, "ಭಾವ, ಸಿಕ್ಕರೂ ಏನು ಮಾಡ್ತೀರಿ? ಡಾಕ್ಟರಿಗೆ ತೋರಿಸ್ತೀರಾ?"

ಭಾವ ಕಿಟಕಿಯ ಆಚೆ ನೋಡುತ್ತಿದ್ದರು. "ಡಾಕ್ಟ್ರಿಗೂ ತೋರಿಸ್ತೀನಿ. ಆದ್ರೆ ಮೊದ್ಲು ನಿಮ್ಮಕ್ಕನ್ಗೆ. ನಾನ್ ಯೋಳುದ್ರೆ ಅವಳು ನಂಬಕಿಲ್ಲ ಕಣಮ್ಮಿ, ಗಂಡ ಅಂತ ಯೋಳ್ತಾನೆ ಅನ್ಕತಾಳೆ. ಯಾರೋ ಒಬ್ಬ ದೊಡ್ಡ ಮನ್ಸ ಅಚ್ಚಿನಲ್ಲಿ ಬರ್ದಿರ್ಬೇಕಲ್ವಾ, ಇಂಥ ಜಾಗದಲ್ಲಿ ಕೈ ತಪ್ಪುದ್ರೆ ತಪ್ಪು ಕೈದಲ್ಲ ಅಂತ? ಅದನ್ನ ಓದಿ ಯೋಳ್ಬೇಕು ಅವಳಿಗೆ."

ನಾನು ತೊಡೆಯ ಮೇಲಿದ್ದ ಪುಸ್ತಕಗಳ ಕಟ್ಟನ್ನು ಸರಿಮಾಡಿಕೊಂಡು ಕೂತೆ.

ವರ್ಷಗಳು ಹೋದವು. ಅಕ್ಕನಿಗೆ ಒಬ್ಬಳು ಮಗಳು ಹುಟ್ಟಿದಳು. ಪುಟ್ಟಿ ಎಂದೇ ಎಲ್ಲರೂ ಕರೆಯುತ್ತಿದ್ದೆವು. ಅಕ್ಕ ಅವಳಿಗೆ ಉಣ್ಣಿಸುವಳು, ಜಡೆ ಹಾಕುವಳು, ಮಡಿಲಲ್ಲಿ ಮಲಗಿಸಿಕೊಳ್ಳುವಳು. ಔಷಧಿಯ ಹೊತ್ತಾದರೆ ಮಾತ್ರ ಎದ್ದು ಹಿತ್ತಿಲಿಗೆ ಹೋಗಿಬಿಡುವಳು. ಅದು ಭಾವನ ಕೆಲಸ, ಇಲ್ಲವೆ ನನ್ನದು, ಇಲ್ಲವೆ ಅತ್ತೆಯದು. ಅತ್ತೆ ತೀರಿಕೊಂಡ ಮೇಲೆ ನಾವಿಬ್ಬರೇ. ನಮ್ಮಿಬ್ಬರಲ್ಲಿ ಒಬ್ಬರು ಮನೆಯಲ್ಲಿ ಇಲ್ಲದೆ ಹೋಗಬಾರದು ಎಂಬುದು ಯಾರೂ ಬಾಯಿಬಿಟ್ಟು ಆಡದ ಕರಾರು.

ಪುಟ್ಟಿ ಶಾಲೆಗೆ ಸೇರಿದ ವರ್ಷ ಆ ಕರಾರು ಮುರಿಯಿತು. ಭಾವ ಬೆಳಗಿನ ಬಸ್ಸಿಗೇ ಮೈಸೂರಿಗೆ ಹೋಗಿದ್ದರು. ಲೈಬ್ರರಿಯ ಆ ಯುವಕರು ಹೊಸ ಇಂಗ್ಲಿಷ್ ಪುಸ್ತಕವೊಂದು ಬಂದಿದೆ, ನೋಡಬಹುದು ಎಂದು ತಿಳಿಸಿದ್ದರು. ಪುಟ್ಟಿಗೆ ಹಿಂದಿನ ದಿನದಿಂದ ಜ್ವರ. ಔಷಧಿ ಬಂದಿತ್ತು, ರೇಷ್ಮೆ ದಾರವನ್ನೂ ಸುತ್ತಿಕೊಂಡಿತ್ತು. ಬೆಳಗಿನದನ್ನು ನಾನು ಕುಡಿಸಿ, ಮಧ್ಯಾಹ್ನದ ಹೊತ್ತಿಗೆ ರಜೆ ಕೇಳಿ ಬಂದುಬಿಡುತ್ತೇನೆ ಎಂದು ಹೇಳಿ ಕಾಮಗೆರೆಗೆ ಹೋದೆ. ಬರುವಾಗ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಇಲ್ಲ. ಬಿಸಿಲಲ್ಲಿ ನಡೆದೂ ಓಡಿಯೂ ಮನೆ ಸೇರಿದಾಗ ಹೊತ್ತು ಇಳಿದಿತ್ತು.

ಬಾಗಿಲು ತೆರೆದೇ ಇತ್ತು. ಪುಟ್ಟಿ ಚಾಪೆಯ ಮೇಲೆ ನಿದ್ದೆ ಮಾಡುತ್ತಿದ್ದಳು. ಹಣೆ ಮುಟ್ಟಿದೆ. ಬೆವೆತು ತಣ್ಣಗಾಗಿತ್ತು. ಪಕ್ಕದಲ್ಲಿ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಅವಳ ಮುಂದೆ ಔಷಧಿಯ ಬಾಟಲಿ, ಚಮಚೆ.

"ಯಾರಕ್ಕ ಕುಡಿಸಿದ್ದು?"

"ನಾನೇ."

ನಾನು ಅವಳ ಮುಂದೆ ಕೂತೆ. ಅಕ್ಕ ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು. ಜ್ವರ ಏರುತ್ತ ಹೋಯಿತಂತೆ. ಬೀದಿಯ ಬಾಗಿಲಿಗೆ ಹೋಗಿ ನಿಂತು, ಹಾದುಹೋಗುತ್ತಿದ್ದ ಪೋಸ್ಟ್‌ಮ್ಯಾನನ್ನು ಕರೆದು ಚೀಟಿ ಓದಿಸಿದಳಂತೆ. ಆತ ಇದೇ ಜ್ವರದ ಔಷಧಿ ಎಂದನಂತೆ.

"ನಂಬಕ್ಕಾಗ್ನಿಲ್ಲ ಕಣಮ್ಮಿ. ನಾನೇ ಮೊದ್ಲು ಒಂದ್ ಚಮ್ಚ ಕುಡುದ್ಬುಟ್ಟು ಕುಂತ್ಕಂಡೆ. ಏನಾದ್ರೂ ಆದ್ರೆ ನಂಗಾಗ್ಲಿ ಅಂತ. ಬಾಳ ಹೊತ್ತು ಕುಂತಿದ್ದೆ. ಏನೂ ಆಗ್ನಿಲ್ಲ. ಆಮ್ಯಾಕೆ ಕುಡಿಸ್ದೆ."

ಭಾವ ಬಂದದ್ದು ಸಂಜೆ. ಕಂಕುಳಲ್ಲಿ ಕಾಗದ ಸುತ್ತಿದ ಪುಸ್ತಕ. ಜಗಲಿಯಲ್ಲೇ ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದರು. ಮಗಳ ಮೈ ಮುಟ್ಟಿ ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ ಮೊದಲು ಕೇಳಿದ್ದು, ನೀವು ನಂಬುತ್ತೀರೋ ಇಲ್ಲವೋ, ಇದನ್ನೇ:

"ರೇಷ್ಮೆ ದಾರ ನೋಡ್ದಾ?"

"ನೋಡ್ದೆ."

"ಗೊತ್ತಾಗ್ನಿಲ್ವಾ, ಕುಡಿಯೋದು ಅಂತ?"

"ಗೊತ್ತಾಯ್ತು. ದಾರ ಸರ್ಯಾಗೇ ಐತೆ. ಬಾಟ್ಲಿ ಮ್ಯಾಲೆ ಅನುಮಾನ ಇರ್ನಿಲ್ಲ ನಂಗೆ." ಅಕ್ಕ ತನ್ನ ಎರಡು ಅಂಗೈಗಳನ್ನೂ ಮಡಿಲಲ್ಲಿ ಮಗುಚಿ ಇಟ್ಟುಕೊಂಡು ನೋಡಿದಳು. "ಇವುಗಳ್ ಮ್ಯಾಲೆ."

ಭಾವ ಅವಸರದಿಂದ ಪುಸ್ತಕದ ಕಾಗದ ಹರಿಯತೊಡಗಿದರು. "ಇಲ್ಲಿ ಕೇಳು, ಇದ್ರಲ್ಲಿ ಬರ್ದವ್ರಂತೆ, ಆ ಲೈಬ್ರರಿಯೋರೇ ಯೋಳುದ್ರು. ತಪ್ಪು ನಿಂದಲ್ಲ, ಬಾಟ್ಲಿದು..."

"ಯಾರ್ದಾದ್ರೂ ಆಗ್ಲಿ ಬುಡಿ ಅಂದ್ರೆ!"

ಅಕ್ಕನ ಧ್ವನಿ ಅಷ್ಟು ಏರಿದ್ದನ್ನು ನಾನು ಆ ಮನೆಯಲ್ಲಿ ಕೇಳಿಯೇ ಇರಲಿಲ್ಲ. ಭಾವನ ಕೈ ಕಾಗದದ ಮೇಲೆ ಹಾಗೇ ನಿಂತಿತು.

"ಇಷ್ಟ್ ವರ್ಸದಿಂದ ಬಾಟ್ಲಿ ಮಾತೇ ಆಡುದ್ರಿ. ಬಂದೋರ್ ತಾವೆಲ್ಲ ಬಾಟ್ಲಿ ಮಾತು. ಊರೂರ್ ತಿರುಗಿ ಬಾಟ್ಲಿ ಮಾತು. ನನ್ನ ಕಾಪಾಡಕ್ಕೇ ಅಂತ ನಂಗೂ ಗೊತ್ತು. ಆದ್ರೆ ಮಗೀನ ಮಾತು? ಒಂದಿನ, ಒಂದೇ ಒಂದಿನ ನನ್ ಪಕ್ಕ ಕುಂತ್ಕಂಡು ನನ್ ಮಗಾ ಅಂತ ಅತ್ರಾ ನೀವು? ನೀವ್ ಅಳ್ದೆ ನಾನ್ ಎಂಗೆ ಅಳ್ಲಿ?"

ಮಗ್ಗದ ಬೀದಿಯಲ್ಲಿ ಸಂಜೆ ಎಂದರೆ ಎಲ್ಲ ಮನೆಗಳಿಂದಲೂ ಲಾಳಿಯ ಸದ್ದು.  ಭಾವ ಪುಸ್ತಕವನ್ನು ನೆಲದ ಮೇಲೆ ಇಟ್ಟು, ಅಕ್ಕನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತರು. 

ಆಮೇಲೆ ಹೇಳಿದರು, "ಅಂಗಡೀಲಿ ಪಂಪು ಓಡುಸುದ್ರೆ ಬುರ್ ಬುರ್ ಅಂತಿದ್ದ, ಮಾದು."

ಅಕ್ಕ ತಲೆ ಅಲ್ಲಾಡಿಸಿದಳು. "ಬುರ್ ಅಲ್ಲ. ಬೂ ಅಂತಿದ್ದ. ನಾಲ್ಗೆ ತಿರುಗ್ತಿರ್ನಿಲ್ಲ ಅವುನ್ಗೆ."

"ಬುರ್ ಅಂತಿದ್ದ ಕಣೆ. ನಾನೇ ಕೇಳಿವ್ನಿ."

"ಎತ್ತೋಳು ನಾನು. ಬೂ ಅಂತಿದ್ದ."

"ಆಗ್ಲಿ ಬುಡು, ಬೂ" ಎಂದರು ಭಾವ. ಎಂದವರೇ ಅಂಗವಸ್ತ್ರದಲ್ಲಿ ಮುಖ ಮುಚ್ಚಿ ಬಿಕ್ಕಿದರು. ಅಕ್ಕ ಅವರ ತೋಳಿಗೆ ತಲೆ ಕೊಟ್ಟಳು. ಅವಳ ಅಳು ಮೊದಲು ಸದ್ದಿಲ್ಲದೆ ಬಂತು, ಆಮೇಲೆ ಮನೆ ತುಂಬಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಒಳಕ್ಕೂ ಹೋಗಲಾರೆ, ಹೊರಕ್ಕೂ ಬರಲಾರೆ.

ಆ ಸದ್ದಿಗೆ ಪುಟ್ಟಿಗೆ ಎಚ್ಚರವಾಯಿತು. ಎದ್ದು ಕೂತು, ಕೆದರಿದ ಕೂದಲನ್ನು ಹಿಂದಕ್ಕೆ ತಳ್ಳಿ, ಅಪ್ಪನನ್ನೂ ಅವ್ವನನ್ನೂ ಸ್ವಲ್ಪ ಹೊತ್ತು ನೋಡಿದಳು.

"ಅವ್ವ, ಮಾದು ಅಂದ್ರೆ ಯಾರು?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮ್ಮಣ್ಣ ಕಣವ್ವ. ಬಾ ಇಲ್ಲಿ, ಯೋಳ್ತೀನಿ."

ಭಾವ ಸರಿದು, ಇಬ್ಬರ ನಡುವೆ ಮಗಳಿಗೆ ಜಾಗ ಮಾಡಿದರು.